ಊರು ಬಿಟ್ಟದ್ದು ಒಮ್ಮೆ, ವಿಳಾಸ ಬದಲಾದದ್ದು ಹಲವು ಸಲ

ದೊಡ್ಡಪ್ಪ ತೀರಿಕೊಂಡ ಮೇಲೆ ಮುಂಬಯಿಯ ಲಾಲ್‌ಬಾಗಿನ ಚಾಳಿನ ಖೋಲಿಯಲ್ಲಿ ಅವರ ಟ್ರಂಕು ತೆರೆದೆವು. ಸಿಕ್ಕಿದ್ದು ಊರಿಂದ ಬಂದ ಇನ್‌ಲ್ಯಾಂಡ್ ಕಾಗದಗಳ ಒಂದು ಕಟ್ಟು, ಒಂದು ಉದ್ರಿ ಪುಸ್ತಕ. ಕಾಗದಗಳ ಬೆನ್ನಿಗೆ ಕುಂದಾಪುರ ತಾಲೂಕಿನ ಅದೇ ಹಳ್ಳಿ, ಅದೇ ಅಂಚೆ. ಕೊನೆಯ ಸಾಲು ಮಾತ್ರ ಬದಲಾಗುತ್ತ ಬಂದಿತ್ತು.

ಅವರು ಹುಟ್ಟಿದ್ದು 1934ರಲ್ಲಿ. ಮಳೆಗಾಲದಲ್ಲಿ ಎನ್ನುವುದಷ್ಟೇ ಅಜ್ಜಿಗೆ ನೆನಪು; ಜೂನ್ 1 ಎಂದು ಬರೆದುಕೊಂಡವರು ಶಾಲೆಯ ಮಾಸ್ಟರು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹದಿನಾಲ್ಕನೆಯ ವಯಸ್ಸಿಗೆ ಹಡಗು ಹತ್ತಿ ಬಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯಲು ನಿಂತರು. ಆಮೇಲೆ ಅವರು ಕದಲಲಿಲ್ಲ, ರಾಜ್ಯಗಳೇ ಕದಲಿದವು. 1956ರ ನವೆಂಬರ್ 1ರಂದು ಊರು ಮೈಸೂರಿಗೆ ಸೇರಿತು. 1960ರ ಮೇ 1ರಂದು ಅವರು ರಾತ್ರಿ ಮಲಗುತ್ತಿದ್ದ ಹೋಟೆಲಿನ ಬೆಂಚು ಮಹಾರಾಷ್ಟ್ರದ್ದಾಯಿತು. 1973ರಲ್ಲಿ ಮೈಸೂರು ಕರ್ನಾಟಕವಾಯಿತು, 1997ರಲ್ಲಿ ಉಡುಪಿ ಜಿಲ್ಲೆ ಬಂತು. ನಡುವೆ, 1995ರಲ್ಲಿ, ಬಾಂಬೆ ಹೋಗಿ ಮುಂಬಯಿ ಆಯಿತು. ದೊಡ್ಡಪ್ಪನ ಬಾಯಲ್ಲಿ ಅದು ಕೊನೆತನಕ ಬೊಂಬಾಯಿಯೇ.

1966ರಲ್ಲಿ ಶಿವಸೇನೆ ಹುಟ್ಟಿ, ದಕ್ಷಿಣದವರ ವಿರುದ್ಧ ‘ಲುಂಗಿ ಹಟಾವೋ’ ಕೂಗು ಎದ್ದಿತು. ಅದುವರೆಗೆ ಪಂಚೆಯಲ್ಲೇ ಗಲ್ಲಾದ ಮೇಲೆ ಕೂರುತ್ತಿದ್ದವರು ಪ್ಯಾಂಟು ಹೊಲಿಸಿಕೊಂಡರು. ಆ ಕುರಿತು ಅವರು ಹೇಳಿದ್ದು ಇಷ್ಟೇ, ಸೆಕೆಯಾಗುತ್ತಿತ್ತಂತೆ.

1974ರಲ್ಲಿ ಭೂಸುಧಾರಣೆ ಜಾರಿಗೆ ಬಂದಾಗ ಅಜ್ಜಿ ಗೇಣಿದಾರರೆಂದು ಡಿಕ್ಲರೇಷನ್ ಕೊಟ್ಟರು, ಗೇಣಿ ಗದ್ದೆ ಸ್ವಂತದ್ದಾಯಿತು. ಉಳುವವನೇ ಒಡೆಯ ಎಂದು ಸರಕಾರ ಹೇಳುವ ಹೊತ್ತಿಗೆ ಉಳಬೇಕಾದ ಮಗ ಲಾಲ್‌ಬಾಗಿನಲ್ಲಿ ಚಹಾ ಸೋಸುತ್ತಿದ್ದ. ಕರಾವಳಿಯ ಎಷ್ಟೋ ಮನೆಗಳ ಕತೆ ಇದು.

ಉದ್ರಿ ಪುಸ್ತಕ 1982ರದು. ಹೋಟೆಲಿನ ಗಡಿಯಾರವೆಂದರೆ ಬಟ್ಟೆ ಗಿರಣಿಯ ಭೋಂಗಾ, ಪಾಳಿಯ ಸೈರನ್. ಪಾಳಿ ಬಿಟ್ಟರೆ ಗಿರಾಕಿ, ಇಲ್ಲದಿದ್ದರೆ ನೊಣ. ಆ ವರ್ಷ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಪುಸ್ತಕದಲ್ಲಿ ಮರಾಠಿ ಹೆಸರುಗಳು ಕನ್ನಡ ಅಕ್ಷರದಲ್ಲಿವೆ, ಎದುರಿಗೆ ಗಿರಣಿ, ಅಲ್ಲಿ ದುಡಿಯುವ ಖಾತೆ. ಫೆಬ್ರವರಿಯಲ್ಲಿ ಊಟ, ಚಹಾ. ಏಪ್ರಿಲ್‌ಗೆ ಊಟ ನಿಂತು ಚಹಾ, ಪಾವ್. ಜೂನ್‌ಗೆ ಅರ್ಧ ಚಹಾ. ಆಮೇಲೆ ಹೆಸರುಗಳೇ ಕಡಿಮೆಯಾಗುತ್ತವೆ. ಕೊಂಕಣಕ್ಕೋ ಸಾತಾರಕ್ಕೋ ಊರಿಗೆ ಹೋದವರು ಮರಳಲಿಲ್ಲ. ಯಜಮಾನರು ಉದ್ರಿ ಬೇಡವೆಂದಿದ್ದರಂತೆ. ಬಹುಪಾಲು ಮೊತ್ತ ದೊಡ್ಡಪ್ಪನ ಸಂಬಳದಲ್ಲೇ ಮುರಿದುಹೋಯಿತು.

ಗೆರೆ ಎಳೆದು ಹೊಡೆದುಹಾಕಿದ ಹೆಸರು ಒಂದೇ ಒಂದು. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ದೊಡ್ಡಪ್ಪನ ಅಕ್ಷರ: ‘1991, ಗಣೇಶ ಚೌತಿ. ಹನ್ನೊಂದು ರೂಪಾಯಿ ಸಂದಿದೆ. ಚಹಾ ಕುಡಿದು ಹೋದರು, ಅದಕ್ಕೆ ದುಡ್ಡು ತೆಗೆದುಕೊಂಡಿಲ್ಲ.’