ಇಂಜೆಕ್ಷನ್ ತಡವಾಯ್ತು, ಮತ್ತೆ ಮೊದಲಿಂದ ಹಾಕಿಸಬೇಕಾ?

"ಬಾಣಂತನಕ್ಕೆ ತವರಿಗೆ ಹೋಗಿದ್ದೆ. ಒಂದೂವರೆ ತಿಂಗಳ ಇಂಜೆಕ್ಷನ್ ಅಲ್ಲೇ ಆಯಿತು. ಬೆಂಗಳೂರಿಗೆ ಬಂದ ಮೇಲೆ ಎರಡೂವರೆ ತಿಂಗಳದ್ದು ತಪ್ಪಿತು. ಮಗುವಿಗೆ ಈಗ ಐದು ತಿಂಗಳು. ಇಲ್ಲಿ ಹಾಕ್ತಾರಾ? ಮೊದಲಿಂದ ಶುರು ಮಾಡಬೇಕಾ?"

ಹಾಕ್ತಾರೆ. ತಾಯಿ ಕಾರ್ಡ್ ಯಾವ ಊರಿನದ್ದಾದರೂ ಸರಿ. ಸರ್ಕಾರಿ ಕೇಂದ್ರದಲ್ಲಿ ದುಡ್ಡೂ ಇಲ್ಲ.

ಮೊದಲಿಂದ? ಬೇಡ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಹೇಳುತ್ತೇನೆ, ಈ ಒಂದು ತಪ್ಪು ನಂಬಿಕೆಯಿಂದ ಎಷ್ಟೋ ಕಾರ್ಡುಗಳು ಅರ್ಧಕ್ಕೆ ನಿಂತಿವೆ. ಬೇಸಿಗೆ ರಜೆ ಮುಗಿಸಿ ಬಂದ ಮಗುವಿಗೆ ಮತ್ತೆ ಒಂದರ ಮಗ್ಗಿಯಿಂದ ಕಲಿಸ್ತೀರಾ? ಮೊದಲ ಡೋಸ್ ರೋಗಾಣುವಿನ ಗುರುತನ್ನು ದೇಹಕ್ಕೆ ಹಿಡಿಸಿರುತ್ತದೆ. ಎರಡು ತಿಂಗಳು ತಡವಾದರೆ ಆ ನೆನಪು ಅಳಿಸಿ ಹೋಗುವುದಿಲ್ಲ. ಮುಂದಿನ ಡೋಸ್ ಅಲ್ಲಿಂದಲೇ ಕೆಲಸ ಮುಂದುವರಿಸುತ್ತದೆ. ಎರಡು ಪೆಂಟಾ (ನಾಯಿಕೆಮ್ಮು ಸೇರಿ ಐದು ರೋಗ ತಡೆಯುವ ಲಸಿಕೆ) ಡೋಸ್‌ಗಳ ನಡುವೆ 4 ವಾರಕ್ಕಿಂತ ಕಡಿಮೆ ಇರಬಾರದು, ಜಾಸ್ತಿಯಾದರೆ ಹಿಂದಿನದು ದಂಡವಲ್ಲ. ಈ ವಾರ ಎರಡನೆಯದು ಹಾಕಿಸಿ, 4 ವಾರ ಬಿಟ್ಟು ಮೂರನೆಯದು. ಹಾಗಂತ ನಿಧಾನ ಮಾಡಬೇಡಿ. ನಾಯಿಕೆಮ್ಮು ಪ್ರಾಣಕ್ಕೆ ಕುತ್ತು ತರುವುದು ಜಾಸ್ತಿ ಇಂಥ ಎಳೆ ಕೂಸುಗಳಿಗೇ.

ಒಬ್ಬ ತಾಯಿ ಕಾರ್ಡನ್ನು ಹಾಲಿನ ಕವರಿನಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದರು. ಯಾದಗಿರಿ ಕಡೆಯವರು, ಕಟ್ಟಡದ ಕೆಲಸ. 6 ವಾರದ ಸಾಲಿನಲ್ಲಿ ತಾರೀಕು ಇತ್ತು, ಕೆಳಗೆಲ್ಲ ಖಾಲಿ. "ತಪ್ಪಿ ಹೋತ್ರಿ. ಇನ್ನ ಉಪಯೋಗಿಲ್ಲ ಅಂತ ಸುಮ್ನಿದ್ದೆ" ಅಂದರು. ಕೂಸಿಗೆ ಆಗಲೇ ಎಂಟು ತಿಂಗಳು. ಅವತ್ತೇ ಎರಡನೇ ಡೋಸ್ ಹಾಕಿಸಿದೆವು.

ನೀವು ಕೇಳಿಲ್ಲ, ಆದರೂ ಒಂದು ಮಾತು. ಪೇಟೆ ಮಕ್ಕಳು ಇದರಲ್ಲಿ ಮುಂದೆ ಅಂದುಕೊಂಡಿದ್ದೀರಾ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 12–23 ತಿಂಗಳ ಮಕ್ಕಳಲ್ಲಿ ಲಸಿಕೆ ಪೂರ್ತಿಯಾದವರು ದೇಶದ ಹಳ್ಳಿಗಳಲ್ಲಿ ಶೇ. 76.8, ಪಟ್ಟಣಗಳಲ್ಲಿ ಶೇ. 75.5. ಆಸ್ಪತ್ರೆ ಹತ್ತಿರ ಇದ್ದರೆ ಸಾಲದು, ಅಲ್ವಾ? ಹಳ್ಳಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮೊನ್ನೆ ತಗಡಿನ ಶೆಡ್ಡಿಗೆ ಬಂದಿಳಿದವರ ಹೆಸರು ಯಾರ ಪುಸ್ತಕದಲ್ಲೂ ಇರುವುದಿಲ್ಲ. ಗುರುವಾರ ಲಸಿಕೆಗೆ ಬಂದರೆ ಅವತ್ತಿನ ಕೂಲಿ ಹೋಯಿತು. ರಾತ್ರಿ ಕೂಸಿಗೆ ಜ್ವರ ಬಂದರೆ ಶುಕ್ರವಾರದ್ದೂ ಹೋಯಿತು.

ನಿಮ್ಮ ರಸ್ತೆಯ ಕಟ್ಟಡದ ಸೈಟಿನಲ್ಲಿ ಎಳೆ ಕೂಸು ಕಂಡರೆ, ವಾರ್ಡಿನ ಆಶಾಗೆ ಒಂದು ಫೋನ್ ಮಾಡಿ.