ಕೂದಲು, ಭತ್ತ, ಕಬ್ಬಿಣ: ಕೊಪ್ಪಳದ ಕೈಗಾರಿಕೆ ನಡೆದು ಬಂದ ದಾರಿ

ತಲೆ ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆ ಸಂದಿಯಲ್ಲಿ ಸಿಕ್ಕಿಸಿಡುವುದು ನಮ್ಮ ಕಡೆ ಹೆಂಗಸರ ರೂಢಿ. ಆಗೊಮ್ಮೆ ಈಗೊಮ್ಮೆ ಓಣಿಯಲ್ಲಿ ಕೂದಲು ಕೊಳ್ಳುವವರ ಕೂಗು ಕೇಳುತ್ತದೆ. ಉಂಡೆ ಕೊಟ್ಟರೆ ಒಂದು ಸಣ್ಣ ಪಾತ್ರೆಯೋ, ಕ್ಲಿಪ್ಪೋ, ನಾಲ್ಕು ಪಿನ್ನೋ ಕೈಗೆ ಬರುತ್ತದೆ. ಆ ಉಂಡೆ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ಅಂಥ ಉಂಡೆಗಳು ಮೂಟೆಗಟ್ಟಲೆ ಬಂದು ಸೇರುವ ಊರುಗಳಲ್ಲಿ ಒಂದು ಭಾಗ್ಯನಗರ. ಕೊಪ್ಪಳಕ್ಕೆ ಅಂಟಿಕೊಂಡೇ ಇದೆ. ಒಂದು ಕಾಲಕ್ಕೆ ಪೂರ್ತಿ ನೇಕಾರರ ಊರು. ಈಗ ಮಗ್ಗದ ಜೊತೆ ಕೂದಲೂ ಅದರ ಹೆಸರಿಗೆ ಅಂಟಿಕೊಂಡಿದೆ.

ಕೊಪ್ಪಳದ ಕೈಗಾರಿಕೆ ಅಂದ ಕೂಡಲೇ ಹೊರಗಿನವರಿಗೆ ಕಾಣುವುದು ಗಿಣಿಗೇರಾದ ಚಿಮಣಿಗಳು. ಹುಬ್ಬಳ್ಳಿಯಿಂದ ಹೊಸಪೇಟೆಗೆ ಹೋಗುವ ರೈಲಿನಲ್ಲಿ ಕೂತರೆ ಅವು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಭಾಗ್ಯನಗರದ ಕೂದಲು ಹಾಗೆ ಕಾಣುವುದಿಲ್ಲ. ಅದು ಮನೆಯೊಳಗೆ, ಕಟ್ಟೆಯ ಮೇಲೆ, ಹೆಂಗಸರ ಬೆರಳುಗಳ ನಡುವೆ ನಡೆಯುವ ಕೆಲಸ. ಈ ಜಿಲ್ಲೆಯ ಕಥೆಯನ್ನು ಬರೀ ಚಿಮಣಿಗಳಿಂದ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ ಅನ್ನುವುದು ನನ್ನ ನಂಬಿಕೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕೊಪ್ಪಳ 1948ರವರೆಗೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದರಲ್ಲೂ ಸಾಲಾರ್ ಜಂಗ್ ಮನೆತನದ ಜಾಗೀರು. ಮೈಸೂರು ಸಂಸ್ಥಾನ ವಿದ್ಯುತ್ತು, ಉಕ್ಕು, ಸಾಬೂನು ಅಂತ ಕಾರ್ಖಾನೆ ಕಟ್ಟುತ್ತಿದ್ದ ಕಾಲದಲ್ಲಿ ಈ ಭಾಗದಲ್ಲಿ ಕಂದಾಯ ವಸೂಲಿ ಬಿಟ್ಟರೆ ಹೆಚ್ಚೇನೂ ನಡೆಯಲಿಲ್ಲ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳು ಒಂದಾದಾಗ ರಾಯಚೂರು ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಪ್ರತ್ಯೇಕ ಜಿಲ್ಲೆ ಆಯಿತು. ಅಂದರೆ ಜಿಲ್ಲೆಗೆ ಇನ್ನೂ ಮೂವತ್ತು ವರ್ಷ ಕೂಡ ತುಂಬಿಲ್ಲ. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 13.9 ಲಕ್ಷ. ಅದರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಮಂದಿ ಹಳ್ಳಿಗಳಲ್ಲೇ ಇರುವವರು.

ಈ ನೆಲದ ಹಣೆಬರಹ ಬದಲಾಯಿಸಿದ್ದು ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸೇರಿ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನ ಕಡೆ ಹೋಗುತ್ತದೆ. ನೀರಿನ ಹಿಂದೆ ಆಂಧ್ರದ ರೈತರೂ ಬಂದರು. ಜೋಳ ಬೆಳೆಯುತ್ತಿದ್ದ ಕಪ್ಪು ಹೊಲಗಳನ್ನು ಮಟ್ಟ ಮಾಡಿ ಭತ್ತದ ಗದ್ದೆ ಮಾಡಿದರು. ಅವರು ನೆಲೆಸಿದ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಅಂತಲೇ ಹೆಸರು.

ಆದರೆ ಕಾಲುವೆ ಎಲ್ಲ ಕಡೆ ಹೋಗಲಿಲ್ಲ, ಅಲ್ವಾ? ಯಲಬುರ್ಗಾ, ಕುಷ್ಟಗಿ ಒಣಭೂಮಿಯಾಗಿಯೇ ಉಳಿದವು. ಒಂದೇ ಜಿಲ್ಲೆಯೊಳಗೆ ಎರಡು ಲೋಕ ಹುಟ್ಟಿಕೊಂಡವು. ಒಂದು ಕಡೆ ಎರಡು ಬೆಳೆ, ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಶೋರೂಮು. ಇನ್ನೊಂದು ಕಡೆ ಮಳೆ ಕೈಕೊಟ್ಟರೆ ಗಂಟುಮೂಟೆ ಕಟ್ಟಿ ಗುಳೆ. ಮಂಗಳೂರು, ಗೋವಾ, ಬೆಂಗಳೂರಿನ ಕಟ್ಟಡಗಳಲ್ಲಿ ಇಲ್ಲಿನವರ ಬೆವರಿದೆ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಯಲಬುರ್ಗಾ, ಕುಷ್ಟಗಿ ಎರಡೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿದ್ದವು. ಗುಳೆ ಹೋದವರಿಗೆ ಅದು ಹೊಸ ಸುದ್ದಿಯೇನೂ ಆಗಿರಲಿಲ್ಲ.

ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳು ಜಿಲ್ಲೆಯ ಮೊದಲ ದೊಡ್ಡ ಉದ್ಯಮ. ಇಲ್ಲಿನ ಸೋನಾ ಮಸೂರಿಗೆ ಒಳ್ಳೆ ಹೆಸರಿದೆ. ಗಿರಣಿ ಅಂದರೆ ಬರೀ ಅಕ್ಕಿ ಅಂದುಕೊಳ್ಳುತ್ತೇವೆ. ನೂರು ಕಿಲೋ ಭತ್ತ ಹಾಕಿದರೆ ಬರುವ ಅಕ್ಕಿ ಸುಮಾರು 65 ಕಿಲೋ ಅಷ್ಟೇ. ಹೊಟ್ಟು 20 ಕಿಲೋ ಆಸುಪಾಸು. ಉಳಿದದ್ದು ತೌಡು, ನುಚ್ಚು, ಧೂಳು. ಇದರಲ್ಲಿ ತೌಡೇ ಚಿನ್ನ. ಅದರಲ್ಲಿ ನೂರಕ್ಕೆ 15ರಿಂದ 20ರಷ್ಟು ಎಣ್ಣೆ ಇರುತ್ತದೆ. ಆದರೆ ಗಿರಣಿಯಿಂದ ಹೊರಬಿದ್ದ ಕೆಲವೇ ದಿನಗಳಲ್ಲಿ ತೌಡು ಮುಗ್ಗಲು ಹಿಡಿಯುತ್ತದೆ. ಹಾಗಾಗಿ ಎಣ್ಣೆ ತೆಗೆಯುವ ಕಾರ್ಖಾನೆ ಹತ್ತಿರದಲ್ಲೇ ಇರಬೇಕು. ಹೊಟ್ಟು ಬಾಯ್ಲರಿಗೆ ಉರುವಲಾಗುತ್ತದೆ. ಅದರ ಬೂದಿಯಲ್ಲಿ ಸಿಲಿಕಾ ತುಂಬಾ ಇರುವುದರಿಂದ ಸಿಮೆಂಟಿಗೂ ಇಟ್ಟಿಗೆಗೂ ಬೇಕಾಗುತ್ತದೆ. ನುಚ್ಚಿನಿಂದ ಹಿಟ್ಟು, ಶಾವಿಗೆ, ಹಪ್ಪಳ. ಉತ್ತರ ಕರ್ನಾಟಕದಲ್ಲಿ ಮಂಡಕ್ಕಿ ಇಲ್ಲದ ಸಂಜೆ ಇಲ್ಲ. ಭತ್ತದ ಕಣಜದಲ್ಲೇ ಕೂತಿರುವ ಜಿಲ್ಲೆಗೆ ಮಂಡಕ್ಕಿ ಭಟ್ಟಿಗಿಂತ ಸುಲಭದ ಸಣ್ಣ ಉದ್ಯಮ ಬೇರೆ ಬೇಕಾ? ಕಾರಟಗಿಯಲ್ಲಿ ಅಕ್ಕಿ ತಂತ್ರಜ್ಞಾನ ಪಾರ್ಕ್ ಮಾಡುವ ಯೋಜನೆ ಬಂದದ್ದೂ ಇದೇ ಲೆಕ್ಕದಲ್ಲಿ. ಇಂಥ ಉಪ ಉದ್ಯಮಗಳಿಗೆ ಒಂದೇ ಕಡೆ ಜಾಗ, ಕರೆಂಟು, ಗೋದಾಮು ಸಿಕ್ಕರೆ ಗಿರಣಿ ಮಾಲೀಕನ ಜೊತೆ ಹತ್ತು ಸಣ್ಣವರೂ ಬದುಕಬಹುದು.

ಇದಕ್ಕೆಲ್ಲ ಬುಡ ಮಾತ್ರ ಆ ಅಣೆಕಟ್ಟಿನ ನೀರು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ ಇಡೀ ಜಿಲ್ಲೆ ಉಸಿರು ಬಿಗಿಹಿಡಿದಿತ್ತು. ರೈತರಷ್ಟೇ ಅಲ್ಲ, ಗಿರಣಿಯ ಹಮಾಲರೂ ಅವತ್ತು ನಿದ್ದೆ ಮಾಡಿರಲಿಕ್ಕಿಲ್ಲ.

ಕಬ್ಬಿಣ ಬಂದದ್ದು 1990ರ ದಶಕದಲ್ಲಿ. ಉದಾರೀಕರಣದ ಕಾಲ. ಕಾರಣ ಬಹಳ ಸರಳ. ಪಕ್ಕದ ಸಂಡೂರು, ಹೊಸಪೇಟೆಯಲ್ಲಿ ಅದಿರು. ಕೈಗೆಟುಕುವ ದೂರದಲ್ಲಿ ತುಂಗಭದ್ರೆ. ನಡುವೆ ಹೆದ್ದಾರಿ ಮತ್ತು ರೈಲು. ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಬೀಡುಕಬ್ಬಿಣದ ಕಾರ್ಖಾನೆ ಹಾಕಿತು. ಗಿಣಿಗೇರಾದಲ್ಲಿ ಕಲ್ಯಾಣಿ ಮತ್ತು ಮುಕುಂದ್ ಕಂಪನಿಗಳು ಸೇರಿ ಹೊಸಪೇಟೆ ಸ್ಟೀಲ್ಸ್ ಕಟ್ಟಿದವು. ಆಮೇಲೆ ಅದಿರನ್ನು ಕರಗಿಸದೆಯೇ ಕಬ್ಬಿಣ ಮಾಡುವ ಸ್ಪಾಂಜ್ ಐರನ್ ಘಟಕಗಳು ಸಾಲುಸಾಲಾಗಿ ಬಂದವು. ಅದಿರು ಚೀನಾಕ್ಕೆ ಹೋಗುತ್ತಿದ್ದ ಅಬ್ಬರದ ಕಾಲದಲ್ಲಿ ಈ ರಸ್ತೆಯಲ್ಲಿ ಲಾರಿಗಳಿಗೆ ದಾರಿ ಬಿಡುವುದೇ ಒಂದು ಕೆಲಸವಾಗಿತ್ತು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ನಡೆದಿತ್ತು, ನಿಲ್ಲಲೇಬೇಕಿತ್ತು. ಆದರೆ ಬೆಟ್ಟ ಅಗೆದು ದುಡ್ಡು ಮಾಡಿದವರ ಜೊತೆ, ಸಾಲ ಮಾಡಿ ಲಾರಿ ಕೊಂಡವನೂ ಪಂಕ್ಚರ್ ಅಂಗಡಿಯವನೂ ರಸ್ತೆ ಪಕ್ಕದ ಖಾನಾವಳಿಯವರೂ ಒಂದೇ ಏಟಿಗೆ ಸಿಕ್ಕಿಬಿದ್ದರು. ಒಂದೇ ಕಚ್ಚಾವಸ್ತುವನ್ನು ನಂಬಿ ಊರು ಬೆಳೆದರೆ ಅದು ನಿಂತ ದಿನ ಏನಾಗುತ್ತದೆ ಅಂತ ಕೊಪ್ಪಳದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿ ನನಗೆ ಸದಾ ಕಾಡುವ ಒಂದು ಮಾತಿದೆ. ಇಲ್ಲಿ ಟ್ರ್ಯಾಕ್ಟರ್ ಎಂಜಿನ್ನಿನ ಬ್ಲಾಕು ಎರಕ ಹೊಯ್ಯುತ್ತಾರೆ. ಅಂಥ ಎರಕಕ್ಕೆ ಅಚ್ಚು ಬೇಕು, ಮರಳು ಬೇಕು, ಉಜ್ಜಬೇಕು, ತೂತು ಕೊರೆಯಬೇಕು, ಪ್ಯಾಕ್ ಮಾಡಬೇಕು. ಬೆಳಗಾವಿಯಲ್ಲಿ ಇಂಥ ಕೆಲಸ ಮಾಡುವ ಸಣ್ಣ ಫೌಂಡ್ರಿಗಳು, ಲೇತ್ ಅಂಗಡಿಗಳು ಓಣಿ ಓಣಿಯಲ್ಲಿ ಬೆಳೆದಿವೆ. ಐಟಿಐ ಮುಗಿಸಿದ ಹುಡುಗ ಮೊದಲು ಕೆಲಸಕ್ಕೆ ಸೇರುತ್ತಾನೆ, ಆಮೇಲೆ ಸಾಲ ಮಾಡಿ ತನ್ನದೇ ಮಿಷನ್ ಹಾಕುತ್ತಾನೆ. ಕೊಪ್ಪಳದಲ್ಲಿ ಆ ಎರಡನೇ ಹೆಜ್ಜೆ ಇಡುವವರು ತೀರಾ ಕಡಿಮೆ. ಹಳ್ಳಿಯ ಹುಡುಗರಿಗೆ ಸಿಗುವುದು ಹೆಚ್ಚಾಗಿ ಗುತ್ತಿಗೆ ಕೆಲಸ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದು ಹಳೇ ಹೈದರಾಬಾದ್ ಕರ್ನಾಟಕ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲಾತಿ ಕೊಟ್ಟಿತು. ಅದರಿಂದ ಎಷ್ಟೋ ಮನೆಗಳಲ್ಲಿ ದೀಪ ಹತ್ತಿದೆ. ಆದರೆ ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಅದರ ಕೈ ಚಾಚುವುದಿಲ್ಲ.

ದೂಳು ಮಾತ್ರ ಗೇಟು ದಾಟಿ ಎಲ್ಲರ ಪಾಲಿಗೂ ಬಂತು. ಗಿಣಿಗೇರಾ, ಹಾಲವರ್ತಿ, ಹಿರೇಬಗನಾಳದ ಕಡೆ ಜನ ವರ್ಷಗಳಿಂದ ಕಪ್ಪು ಬೂದಿಯ ಬಗ್ಗೆ ಹೇಳುತ್ತಲೇ ಇದ್ದಾರೆ. ಬೆಳೆಯ ಎಲೆ ಮುಟ್ಟಿದರೆ ಕೈಗೆ ಮಸಿ. ಇದೇ ಸಂಕಟ 2025ರಲ್ಲಿ ಕಟ್ಟೆಯೊಡೆಯಿತು. ಆ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಬಲ್ಡೋಟಾ ಸಂಸ್ಥೆ ಕೊಪ್ಪಳದಲ್ಲಿ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು. ಜಾಗ ಊರಿನ ಮಗ್ಗುಲಲ್ಲೇ. ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಶ್ರೀಗಳೇ ಜನರ ಜೊತೆ ಬೀದಿಗಿಳಿದರು. ಕೆಲಸ ನಿಲ್ಲಿಸಿ ಅಂತ ಮುಖ್ಯಮಂತ್ರಿ ಸೂಚನೆ ಕೊಡಬೇಕಾಯಿತು. ಜನ ಅಭಿವೃದ್ಧಿಗೆ ವಿರೋಧ ಅಂತ ಕೆಲವರು ಬರೆದರು. ಮೂವತ್ತು ವರ್ಷ ಹೊಗೆ ಕುಡಿದ ಊರಿಗೆ ಹಾಗೆ ಹೇಳುವುದು ಅನ್ಯಾಯ.

ಆಟಿಕೆಯ ಕಥೆಯೇ ಬೇರೆ. 2020ರಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 20ರಿಂದ 60 ಪರ್ಸೆಂಟಿಗೆ ಏರಿಸಿತು. 2021ರ ಜನವರಿಯಿಂದ ಆಟಿಕೆಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ಚೀನಾದ ಅಗ್ಗದ ಸಾಮಾನಿಗೆ ಬಾಗಿಲು ಅರ್ಧ ಮುಚ್ಚಿದಂತಾಯಿತು. ಅದೇ ತಿಂಗಳು ನಮ್ಮ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಶಂಕುಸ್ಥಾಪನೆ ನಡೆಯಿತು. ಬೆಳಗಾವಿಯ ಏಕಸ್ ಕಂಪನಿ ಅದರ ಮುಂದಾಳು. 5,000 ಕೋಟಿ ಹೂಡಿಕೆ, 40,000 ಉದ್ಯೋಗ ಅನ್ನುವ ಮಾತು ಆಗ ಕೇಳಿಬಂತು. ಸಂಖ್ಯೆ ದೊಡ್ಡದು, ಅದು ತುಂಬಲು ವರ್ಷಗಳು ಬೇಕು. ಆದರೂ ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಭಾನಾಪುರ ಇರುವುದು ಒಣಭೂಮಿಯ ಕಡೆ. ಗುಳೆ ಹೋಗುವ ಊರಿನ ಹೆಣ್ಣುಮಗಳಿಗೆ ಸಂಜೆ ಮನೆಗೆ ಬಂದು ಮಲಗುವಂಥ ಒಂದು ಕೆಲಸ ಸಿಗುವುದು ಸಣ್ಣ ಮಾತಲ್ಲ.

ಅಲ್ಲಿಂದ ಬಹಳ ದೂರವೇನಿಲ್ಲ ಕಿನ್ನಾಳ. ವಿಜಯನಗರದ ಕಾಲದಿಂದ ಗೊಂಬೆ ಮಾಡಿಕೊಂಡು ಬಂದ ಊರು. ಚಿತ್ರಗಾರ ಮನೆತನದವರು ಹಗುರವಾದ ಪೊಳಕಿ ಮರ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಬಣ್ಣ ಕೊಟ್ಟು ಗರುಡ, ಕಾಮಧೇನು, ಗೌರಿಯ ಮುಖ, ಉತ್ಸವದ ವಾಹನ ಮಾಡುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆಯೂ ಇದಕ್ಕೆ ಸಿಕ್ಕಿದೆ. ಈಗ ಈ ಕೆಲಸ ಮಾಡುವ ಮನೆಗಳು ಬೆರಳೆಣಿಕೆಯಷ್ಟು. ಭಾನಾಪುರದ ಪ್ಲಾಸ್ಟಿಕ್ ಅಚ್ಚಿನ ಆಟಿಕೆಗೂ ಕಿನ್ನಾಳದ ಗೊಂಬೆಗೂ ಪೈಪೋಟಿ ಇಲ್ಲ, ಎರಡೂ ಬೇರೆ ಬೇರೆ ಗಿರಾಕಿಗೆ ಹೋಗುವಂಥವು. ಕಿನ್ನಾಳಕ್ಕೆ ಬೇಕಿರುವುದು ಮುಖ್ಯವಾಗಿ ಮರ. ಪೊಳಕಿ ಮರ ಸುಲಭವಾಗಿ ಸಿಗದಿದ್ದರೆ ಸನ್ಮಾನ ಮಾಡಿ ಶಾಲು ಹೊದಿಸಿ ಪ್ರಯೋಜನವಿಲ್ಲ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ಮಾಡುವುದೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿ, 5 ಪರ್ಸೆಂಟ್ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಅದರ ಜೊತೆಗೆ ಊರ ಸುತ್ತ ನಾಲ್ಕೈದು ಎಕರೆ ಪೊಳಕಿ ಗಿಡ ಹಚ್ಚಿದರೆ ಆ ಸಾಲಕ್ಕೂ ಒಂದು ಅರ್ಥ ಬರುತ್ತದೆ.

ಈಗ ಮತ್ತೆ ಭಾಗ್ಯನಗರಕ್ಕೆ ಬರುತ್ತೇನೆ. ಸಿಕ್ಕುಗಟ್ಟಿದ ಉಂಡೆಯನ್ನು ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸಬೇಕು. ಬಿಳಿ ಕೂದಲು ಬೇರೆ ಮಾಡಬೇಕು. ತೊಳೆದು, ಒಣಗಿಸಿ, ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು ಉದ್ದದ ಪ್ರಕಾರ ಕಟ್ಟು ಕಟ್ಟಬೇಕು. ಇದಕ್ಕೆ ಯಂತ್ರವಿಲ್ಲ. ಬೆರಳೇ ಯಂತ್ರ. ಹಾಗಾಗಿ ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ಮನೆಯಲ್ಲೇ ಕೂತು ಮಾಡುವ ಕೆಲಸವಾಯಿತು. ಮಳೆ ಬರಲಿ, ಬಿಡಲಿ, ಅದಿರು ಇರಲಿ, ಇಲ್ಲದಿರಲಿ, ಕೂದಲಂತೂ ಉದುರುತ್ತದೆ.

ಹೊಡೆತ ಬಿದ್ದದ್ದು ಬೇರೆ ದಿಕ್ಕಿನಿಂದ. ಬಿಡಿಸದ ಉಂಡೆಗಳನ್ನೇ ಕಡಿಮೆ ಬೆಲೆ ತೋರಿಸಿ, ಕೆಲವು ಸಲ ಕಳ್ಳದಾರಿಯಲ್ಲಿ ಬಾಂಗ್ಲಾದೇಶ, ಮ್ಯಾನ್ಮಾರ್ ಮೂಲಕ ಚೀನಾಕ್ಕೆ ಕಳಿಸುವ ದಂಧೆ ಬೆಳೆಯಿತು. ಉಂಡೆಯ ಜೊತೆ ಬಿಡಿಸುವ ಕೂಲಿಯೂ ಗಡಿ ದಾಟಿತು. ವ್ಯಾಪಾರಿಗಳು ಗೋಳಾಡಿದ ಮೇಲೆ 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಕಾಗದದ ಮೇಲಿನ ಆ ಒಂದು ಸಾಲು ಭಾಗ್ಯನಗರದ ಓಣಿಗೆ ಎಷ್ಟು ಮುಖ್ಯ ಅಂತ ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗುವುದು ಕಷ್ಟ. ಕೋಟಿಗಳ ಒಪ್ಪಂದಕ್ಕೆ ಸಿಗುವ ಗಮನದ ಕಾಲುಭಾಗ ಗಡಿಯಲ್ಲಿನ ಕೂದಲ ಮೂಟೆಗೆ ಸಿಕ್ಕರೆ ಈ ಹೆಂಗಸರಿಗೆ ವರ್ಷಪೂರ್ತಿ ಕೆಲಸ ಇರುತ್ತದೆ. ಬಿಡಿಸಿದ ಕೂದಲನ್ನು ಇಲ್ಲೇ ವಿಗ್ ಹೆಣೆಯಲು ಕಲಿಸಿದರೆ ಕೂಲಿ ಇನ್ನೂ ಜಾಸ್ತಿ ಆಗುತ್ತದೆ. ಅದಕ್ಕೆ ನೂರಾರು ಎಕರೆ ಜಾಗ ಬೇಡ, ನದಿ ನೀರು ಬೇಡ. ಒಂದು ತರಬೇತಿ ಶಾಲೆ, ಬೆಳಕಿರುವ ನಾಲ್ಕು ಹಾಲ್, ಕೂಸು ಮಲಗಿಸಲು ಒಂದು ಕೋಣೆ ಸಾಕು.

ಒಣಭೂಮಿಯ ಕಡೆಗೂ ಈಗ ಒಂದು ಹೊಸ ದಾರಿ ತೆರೆದಿದೆ. ಗದಗ–ವಾಡಿ ರೈಲು ಮಾರ್ಗದ ತಳಕಲ್–ಕುಷ್ಟಗಿ ಭಾಗ 2025ರ ಮೇ 15ರಂದು ಶುರುವಾಯಿತು. ಕುಷ್ಟಗಿಗೆ ಮೊದಲ ರೈಲು ಬಂದಾಗ ಜನ ಜಾತ್ರೆಗೆ ಸೇರಿದಂತೆ ಸೇರಿದ್ದರು. ಈ ತಾಲೂಕಿನಲ್ಲಿ ದಾಳಿಂಬೆ ಬೆಳೆದು ಗೆದ್ದವರಿದ್ದಾರೆ, ದುಂಡಾಣು ಅಂಗಮಾರಿ ರೋಗ ಬಡಿದು ತೋಟ ಕಿತ್ತವರೂ ಇದ್ದಾರೆ. ಒಳ್ಳೆ ಹಣ್ಣು ದೂರದ ಮಾರುಕಟ್ಟೆಗೆ ಹೋಗುತ್ತದೆ. ಒಡೆದ ಹಣ್ಣಿಗೆ ಬೆಲೆಯೇ ಇಲ್ಲ. ಆ ಒಡೆದ ಹಣ್ಣಿನ ಕಾಳು ಒಣಗಿಸಲು, ರಸ ತೆಗೆಯಲು ಘಟಕ ಹಾಕುವವರಿಗೆ ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ ಘಟಕದ ವೆಚ್ಚದ 35 ಪರ್ಸೆಂಟ್ ಸಹಾಯಧನ ಇದೆ. ರಾಜ್ಯ ಅದಕ್ಕೆ 15 ಸೇರಿಸಿ ಅರ್ಧಕ್ಕೆ ಏರಿಸಿದೆ. ಇಷ್ಟು ದೊಡ್ಡ ಸಹಾಯ ಇದ್ದರೂ ಮೊದಲ ಸಲ ಬ್ಯಾಂಕಿಗೆ ಹೋಗುವ ರೈತನಿಗೆ ಪ್ರಾಜೆಕ್ಟ್ ರಿಪೋರ್ಟ್ ಅನ್ನುವ ಪದವೇ ದೊಡ್ಡ ಗೋಡೆ. ಅದನ್ನು ಬರೆದುಕೊಡುವವರು, ಜೊತೆಗೆ ಬ್ಯಾಂಕಿನ ಮೆಟ್ಟಿಲು ಹತ್ತುವವರು ತಾಲೂಕಿಗೆ ಇಬ್ಬರಾದರೂ ಬೇಕು.

ಕುಷ್ಟಗಿಯಿಂದ ಹುಬ್ಬಳ್ಳಿಗೆ ಹೊರಡುವ ರೈಲಿನಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುತ್ತಾರೆ, ಆಸ್ಪತ್ರೆಗೆ ಹೋಗುವವರಿರುತ್ತಾರೆ, ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಹೊರಟವರೂ ಇರುತ್ತಾರೆ. ದಾಳಿಂಬೆ ಮಾತ್ರ ಇನ್ನೂ ಲಾರಿಯಲ್ಲೇ ಹೋಗುತ್ತಿದೆ.