ಕ್ಲಬ್ ಎಣಿಸಬೇಡಿ, ಸಾಲು ಓದಿ

ವಿದೇಶಿ ಆಟಗಾರರನ್ನು ಹುಡುಕಿ ಇಲ್ಲಿನ ಫುಟ್‌ಬಾಲ್ ಕ್ಲಬ್‌ಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಒಬ್ಬ ಆಟಗಾರನ ಬಗ್ಗೆ ಮಾತು ಶುರುವಾಗುವುದು ಒಂದು ಹಾಳೆಯಿಂದ. ಯಾವ ವರ್ಷ, ಯಾವ ಕ್ಲಬ್, ಎಷ್ಟು ಪಂದ್ಯ, ಎಷ್ಟು ಗೋಲು. ಹಾಳೆ ಮೇಜಿನ ಮೇಲೆ ಬಂದ ಕೂಡಲೇ ಎದುರಿಗೆ ಕೂತವರು ಎಣಿಸಲು ಶುರು ಮಾಡುತ್ತಾರೆ. ಪೆನ್ನಿನ ತುದಿ ಒಂದೊಂದೇ ಸಾಲು ಕುಕ್ಕುತ್ತಾ ಕೆಳಗಿಳಿಯುತ್ತದೆ. ಏಳು, ಎಂಟು, ಒಂಬತ್ತು. ಆಮೇಲೆ ಅದೇ ಪ್ರಶ್ನೆ: ‘ಸರ್, ಇವನು ಎಲ್ಲೂ ನಿಂತೇ ಇಲ್ವಲ್ಲ?’

ಇಷ್ಟು ವರ್ಷ ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇವತ್ತು ಇದೊಂದೇ ವಿಷಯ ಬರೆಯುತ್ತೇನೆ.

ನನ್ನ ಬಳಿ ಸದಾ ಒಂದು ಹಾಳೆ ಇರುತ್ತದೆ. ಹೆಸರಿನ ಜಾಗ ಮಡಚಿ ಎದುರಿನವರ ಕೈಗೆ ಕೊಡುತ್ತೇನೆ. ಬ್ಲ್ಯಾಕ್‌ಪೂಲ್, ಮ್ಯಾಕಲ್ಸ್‌ಫೀಲ್ಡ್, ಸ್ಟಾಕ್‌ಪೋರ್ಟ್, ರಾಚ್‌ಡೇಲ್, ಬ್ರಿಸ್ಟಲ್ ರೋವರ್ಸ್. ಮೊದಲ ಐದು ಸಾಲು ಇವು. ಎಲ್ಲ ಇಂಗ್ಲೆಂಡಿನ ಕೆಳಗಿನ ಡಿವಿಷನ್‌ಗಳಲ್ಲಿ. 27 ವರ್ಷ ಆಗುವ ತನಕ ಈ ಹುಡುಗ ಎರಡನೇ ಡಿವಿಷನ್‌ನಲ್ಲಿ ಕೂಡ ಆಡಿಲ್ಲ. ‘ತಗೋತೀರಾ?’ ಅಂತ ಕೇಳಿದರೆ ತಲೆ ಅಡ್ಡ ಆಡುತ್ತದೆ. ಆಗ ಮಡಿಕೆ ಬಿಚ್ಚುತ್ತೇನೆ. ರಿಕ್ಕಿ ಲ್ಯಾಂಬರ್ಟ್. ಮುಂದೆ ಇಂಗ್ಲೆಂಡ್ ತಂಡಕ್ಕೇ ಆಡಿ ಗೋಲು ಹೊಡೆದ ಫಾರ್ವರ್ಡ್.

ಲ್ಯಾಂಬರ್ಟ್ ಹುಟ್ಟಿದ್ದು 1982ರಲ್ಲಿ, ಲಿವರ್‌ಪೂಲ್ ಪಕ್ಕದ ಕರ್ಕ್‌ಬಿಯಲ್ಲಿ. ಹತ್ತನೇ ವಯಸ್ಸಿಗೇ ಲಿವರ್‌ಪೂಲ್ ಕ್ಲಬ್‌ನ ಅಕಾಡೆಮಿ ಸೇರಿದ. ಹದಿನೈದಕ್ಕೆ ಕ್ಲಬ್ ಕೈಬಿಟ್ಟಿತು. ಬ್ಲ್ಯಾಕ್‌ಪೂಲ್ ಕರೆದುಕೊಂಡು, ಅದೂ ಬಿಟ್ಟಿತು. ಆಮೇಲೆ ಬೀಟ್‌ರೂಟ್ ಕಾರ್ಖಾನೆಯೊಂದರಲ್ಲಿ ಜಾಡಿಗಳಿಗೆ ಮುಚ್ಚಳ ಹಾಕುವ ಕೆಲಸ. ದಿನಕ್ಕೆ 20 ಪೌಂಡ್ ಕೂಲಿ. ಜೊತೆಗೆ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಸಂಬಳವಿಲ್ಲದೆ ಅಭ್ಯಾಸ. ಈ ಕತೆ ಎಲ್ಲರಿಗೂ ಇಷ್ಟ, ಕಣ್ಣರಳಿಸಿ ಕೇಳುತ್ತಾರೆ. ಆದರೆ ನನಗೆ ಬೇಕಾದದ್ದು ಮುಂದಿನ ಸಾಲುಗಳು.

2002ರಲ್ಲಿ ಸ್ಟಾಕ್‌ಪೋರ್ಟ್ ಅವನನ್ನು ಮ್ಯಾಕಲ್ಸ್‌ಫೀಲ್ಡ್‌ನಿಂದ ಸುಮಾರು 3 ಲಕ್ಷ ಪೌಂಡ್ ಕೊಟ್ಟು ಕೊಂಡಿತು. 2006ರಲ್ಲಿ ಬ್ರಿಸ್ಟಲ್ ರೋವರ್ಸ್ ಸುಮಾರು 2 ಲಕ್ಷ ಕೊಟ್ಟಿತು. 2009ರಲ್ಲಿ ಸೌತಾಂಪ್ಟನ್ ಸುಮಾರು 10 ಲಕ್ಷ ಕೊಟ್ಟಿತು. ಇಲ್ಲಿ ಸ್ವಲ್ಪ ನಿಲ್ಲಿ. ದುಡ್ಡು ಕೊಟ್ಟು ಕೊಂಡಿದ್ದಾರೆ ಅಂದರೆ ಏನರ್ಥ? ಒಂದು ಕ್ಲಬ್‌ಗೆ ಅವನು ಬೇಕಾಗಿದ್ದ. ಇನ್ನೊಂದು ಕ್ಲಬ್ ಅವನನ್ನು ಸುಮ್ನೆ ಬಿಟ್ಟುಕೊಡಲಿಲ್ಲ. ಇಂಥ ಸಾಲನ್ನು ನೋಡಿ ‘ಇಲ್ಲೂ ನಿಲ್ಲಲಿಲ್ಲ’ ಅನ್ನುವವರಿಗೆ ನಾನು ಏನು ಹೇಳಲಿ? ಮನೆಗೆ ಮೂರು ಕಡೆಯಿಂದ ಸಂಬಂಧ ಕೇಳಿಕೊಂಡು ಬಂದರೆ ಹುಡುಗಿಯಲ್ಲಿ ಏನೋ ಐಬಿದೆ ಅಂದ ಹಾಗಾಯಿತು.

ಸಣ್ಣ ಕ್ಲಬ್‌ನಲ್ಲಿ ಗೋಲು ಹೊಡೆಯುವ ಫಾರ್ವರ್ಡ್ ಕೊಟ್ಟಿಗೆಯಲ್ಲಿ ಹಾಲು ಕೊಡುವ ಹಸುವಿನ ಹಾಗೆ. ಕಷ್ಟ ಬಂದಾಗ ಮೊದಲು ಮಾರಾಟವಾಗುವುದು ಅದೇ, ಯಾಕೆಂದರೆ ಕೊಳ್ಳುವವರು ಸಿಗುವುದು ಅದಕ್ಕೇ. ಡಿಫೆಂಡರ್ ಹತ್ತು ವರ್ಷ ಒಂದೇ ಕಡೆ ಇರಬಹುದು. ಫಾರ್ವರ್ಡ್‌ಗೆ ಆ ಭಾಗ್ಯ ಕಡಿಮೆ. ಗೋಲು ಹೊಡೆದರೆ ಮೇಲಿನವರು ಕೊಳ್ಳುತ್ತಾರೆ, ಹೊಡೆಯದಿದ್ದರೆ ಇರುವವರೇ ಕಳಿಸುತ್ತಾರೆ. ಎರಡಕ್ಕೂ ಹಾಳೆಯಲ್ಲಿ ಒಂದೇ ತರಹದ ಸಾಲು ಬೀಳುತ್ತದೆ. ಅದಕ್ಕೇ ಎಣಿಸಬೇಡಿ, ಓದಿ ಅನ್ನುವುದು.

ರಾಚ್‌ಡೇಲ್ ವಿಷಯ ಬಂದಾಗ ಇನ್ನೊಬ್ಬನನ್ನು ನೆನೆಯದೆ ಇರಲು ಆಗುವುದಿಲ್ಲ. 2005ರಲ್ಲಿ ಆ ನಾಲ್ಕನೇ ಡಿವಿಷನ್ ತಂಡದಲ್ಲಿ ಲ್ಯಾಂಬರ್ಟ್ ಜೊತೆ ಮುಂದೆ ಆಡುತ್ತಿದ್ದವನು ಗ್ರಾಂಟ್ ಹೋಲ್ಟ್. ಟೈರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು, ಸಿಂಗಪುರದಲ್ಲೂ ಆಸ್ಟ್ರೇಲಿಯಾದಲ್ಲೂ ಆಡಿ ಬಂದವನು. ಕಾಲಿಗೆ ಚಕ್ರ ಕಟ್ಟಿಕೊಂಡವನು ಅಂತಾರಲ್ಲ, ಹಾಗೆ. ಅವನು ನಾರ್ವಿಚ್ ತಂಡದ ಜೊತೆ ಮೂರನೇ ಡಿವಿಷನ್‌ನಿಂದ ಅಲ್ಲಿನ ಮೊದಲ ಡಿವಿಷನ್ ಆದ ಪ್ರೀಮಿಯರ್ ಲೀಗ್‌ಗೆ ಏರಿ 2011-12ರಲ್ಲಿ 15 ಗೋಲು ಹೊಡೆದ. ಮರುವರ್ಷ ಲ್ಯಾಂಬರ್ಟ್ ಸೌತಾಂಪ್ಟನ್ ಪರ ಅಷ್ಟೇ ಹೊಡೆದ. ರಾಚ್‌ಡೇಲ್‌ನ ಆ ಇಬ್ಬರ ಹಾಳೆಯನ್ನು ಆಗ ಯಾರಾದರೂ ಇಲ್ಲಿಗೆ ತಂದಿದ್ದರೆ ಎರಡೂ ಕಸದ ಬುಟ್ಟಿಗೆ ಹೋಗುತ್ತಿದ್ದವು.

ಲೋನ್ ವಿಷಯದಲ್ಲಂತೂ ಗೊಂದಲ ಇನ್ನೂ ಜಾಸ್ತಿ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಡೆಪ್ಯುಟೇಷನ್ ಅಂತಾರಲ್ಲ, ಹೆಚ್ಚು ಕಡಿಮೆ ಅದೇ. ನೌಕರ ಒಂದು ಇಲಾಖೆಯವನು, ಸ್ವಲ್ಪ ಕಾಲ ಕೆಲಸ ಇನ್ನೊಂದು ಕಡೆ. ಡೆಪ್ಯುಟೇಷನ್ ಮೇಲೆ ಮೂರು ಕಡೆ ಹೋದವನನ್ನು ನಾಲ್ಕು ಕೆಲಸ ಬಿಟ್ಟವನು ಅಂತ ಯಾರೂ ಅನ್ನುವುದಿಲ್ಲ. ಫುಟ್‌ಬಾಲ್‌ನಲ್ಲಿ ಮಾತ್ರ ಅನ್ನುತ್ತಾರೆ.

ಮೈಕಲ್ ಚೋಪ್ರಾ ಇಲ್ಲಿಯವರಿಗೆ ಗೊತ್ತಿರುವ ಹೆಸರು. 2014ರಲ್ಲಿ, ಇಂಡಿಯನ್ ಸೂಪರ್ ಲೀಗ್‌ನ (ಐಎಸ್ಎಲ್) ಮೊದಲ ವರ್ಷ, ಕೇರಳ ಬ್ಲಾಸ್ಟರ್ಸ್‌ಗೆ ಬಂದ ಇಂಗ್ಲಿಷ್ ಫಾರ್ವರ್ಡ್. ಅವನ ಹಾಳೆಯೂ ಉದ್ದ. ಆದರೆ ಮೇಲಿನ ಸಾಲುಗಳಲ್ಲಿ ಮೂರು ಬರೀ ಲೋನ್: ವಾಟ್‌ಫರ್ಡ್, ನಾಟಿಂಗ್‌ಹ್ಯಾಮ್ ಫಾರೆಸ್ಟ್, ಬಾರ್ನ್‌ಸ್ಲಿ. ಆಗೆಲ್ಲ ಅವನು ನ್ಯೂಕ್ಯಾಸಲ್ ಹುಡುಗನೇ. 2003ರಲ್ಲಿ ವಾಟ್‌ಫರ್ಡ್ ತಂಡ ಬರ್ನ್‌ಲಿ ವಿರುದ್ಧ 7-4ರಲ್ಲಿ ಗೆದ್ದ ಪಂದ್ಯದಲ್ಲಿ ನಾಲ್ಕು ಗೋಲು ಈ ಲೋನ್ ಹುಡುಗನವು. ಹದಿಹರೆಯದವನನ್ನು ದೊಡ್ಡವರ ನಡುವೆ ಬಿಟ್ಟು ಪಳಗಿಸಲಿಕ್ಕೆ ಕಳಿಸಿದ್ದು. ಅದನ್ನು ‘ಕಳಿಸಿಬಿಟ್ಟರು’ ಅಂತ ಓದಿದರೆ ಇಡೀ ಹಾಳೆ ತಪ್ಪಾಗಿ ಓದಿದಂತೆ.

ಅದೇ ಹಾಳೆಯಲ್ಲಿ ಕಾರ್ಡಿಫ್ ಕ್ಲಬ್ ಹೆಸರು ಎರಡು ಸಲ ಬರುತ್ತದೆ ನೋಡಿ. 2007ರಲ್ಲಿ ಕಾರ್ಡಿಫ್ ಅವನನ್ನು ಸಂಡರ್‌ಲ್ಯಾಂಡ್‌ಗೆ ಮಾರಿತು. 2008ರಲ್ಲಿ ಲೋನ್ ಮೇಲೆ ವಾಪಸ್ ಕರೆಸಿಕೊಂಡು, 2009ರಲ್ಲಿ ಮತ್ತೆ ಹಣ ಕೊಟ್ಟು ಕೊಂಡಿತು. ಹಾಳೆಯಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಒಂದು ಕ್ಲಬ್ ಎರಡನೇ ಸಲ ಕರೆದಿದೆಯಾ? ಅವನು ಡ್ರೆಸ್ಸಿಂಗ್ ರೂಮಿನಲ್ಲಿ ಹೇಗಿರುತ್ತಾನೆ, ಸೋತ ಮರುದಿನ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತಾನೆ, ಎಲ್ಲ ಗೊತ್ತಿದ್ದವರೇ ಮತ್ತೆ ಕರೆದಿದ್ದಾರೆ ಅಂದರೆ ಅದಕ್ಕೆ ತೂಕ ಇದೆ.

ಹಾಗಂತ ಉದ್ದದ ಹಾಳೆ ಇದ್ದವರೆಲ್ಲ ಲ್ಯಾಂಬರ್ಟ್ ಅಂತ ನಾನು ಹೇಳುತ್ತಿಲ್ಲ. ಪ್ರತಿ ಸಾಲಲ್ಲೂ ಏಳೆಂಟೇ ಪಂದ್ಯ, ಯಾರೂ ದುಡ್ಡು ಕೊಟ್ಟಿಲ್ಲ, ಯಾರೂ ಮತ್ತೆ ಕರೆದಿಲ್ಲ ಅಂದರೆ ನಾನೂ ಹಿಂಜರಿಯುತ್ತೇನೆ. ಮಂಡಿ ನೋವಿನ ಕತೆ ಹಾಳೆಯಲ್ಲಿ ಬರೆದಿರುವುದಿಲ್ಲ. ಮೆಡಿಕಲ್ ಪರೀಕ್ಷೆ ಆಗದೆ ಯಾರಿಗೂ ಮಾತು ಕೊಡಬೇಡಿ. ಆಟಗಾರನ ಗುಣವೂ ಹೋದ ಜಾಗದಲ್ಲೆಲ್ಲ ಒಂದೇ ತರಹ ಇರುವುದಿಲ್ಲ. ಲ್ಯಾಂಬರ್ಟ್‌ಗೇ ಸೌತಾಂಪ್ಟನ್‌ನಲ್ಲಿ ಕೋಚ್ ಅಲನ್ ಪಾರ್ಡ್ಯೂ ಮೊದಲು ತೂಕ ಇಳಿಸು ಅಂದರು. ಇಳಿಸಿದ. 2011, 2012, ಎರಡು ವರ್ಷ ಸಾಲಾಗಿ ತಂಡ ಮೇಲೇರಿತು. ಸೌತಾಂಪ್ಟನ್ ಪರ ಹೊಡೆದ 34 ಪೆನಾಲ್ಟಿಗಳಲ್ಲಿ 34ನ್ನೂ ಗೋಲು ಮಾಡಿದ. 2013ರ ಆಗಸ್ಟ್ 14ರಂದು ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡಿನ ಹೆಸರಾಂತ ಫಾರ್ವರ್ಡ್ ವೇಯ್ನ್ ರೂನಿ ಬದಲಿಗೆ ಮೈದಾನಕ್ಕೆ ಇಳಿದ. ಇಂಗ್ಲೆಂಡ್ ಪರ ಮೊದಲ ಪಂದ್ಯ, ವಯಸ್ಸು 31. ಲೇಟನ್ ಬೇನ್ಸ್ ಕಾರ್ನರ್ ಹೊಡೆದ, ಲ್ಯಾಂಬರ್ಟ್ ತಲೆ ಕೊಟ್ಟ. ಮೊದಲ ಸ್ಪರ್ಶವೇ ಗೋಲು. ಇಂಗ್ಲೆಂಡ್ 3-2ರಲ್ಲಿ ಗೆದ್ದಿತು. ಮರುವರ್ಷ ಲಿವರ್‌ಪೂಲ್, ಹದಿನೈದರ ಹುಡುಗನನ್ನು ಬಿಟ್ಟುಕಳಿಸಿದ್ದ ಅದೇ ಕ್ಲಬ್, ಸುಮಾರು 40 ಲಕ್ಷ ಪೌಂಡ್ ಕೊಟ್ಟು ಕರೆಸಿಕೊಂಡಿತು. ಅಲ್ಲಿ ಅವನಿಗೆ ಆಡಲು ಜಾಸ್ತಿ ಸಿಗಲಿಲ್ಲ, ಅದು ನಿಜ. ಆದರೂ ಆ ಸಾಲು ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕೆಲವು ವರ್ಷದ ಹಿಂದೆ ಒಂದು ಕ್ಲಬ್‌ಗೆ ನಾನು ಇಂಥದ್ದೇ ಒಬ್ಬ ಫಾರ್ವರ್ಡ್‌ನ ಹಾಳೆ ಕೊಟ್ಟಿದ್ದೆ. 29 ವರ್ಷ, ಏಳು ಸಾಲು. ಎರಡು ಲೋನ್. ಒಂದು ಕಡೆ ಕೋಚ್ ಬದಲಾಗಿ ಹೊಸಬರು ತಮ್ಮವರನ್ನು ತಂದಿದ್ದರು. ಅವನು ಬಿಟ್ಟು ಬಂದ ಕ್ಲಬ್‌ಗೆ ನಾನೇ ಫೋನ್ ಮಾಡಿದ್ದೆ. ಕೋಚ್‌ಗಲ್ಲ, ಕಿಟ್ ನೋಡಿಕೊಳ್ಳುವವರಿಗೆ. ಯಾವಾಗಲೂ ಅವರಿಗೇ ಮಾಡುತ್ತೇನೆ. ಒದ್ದೆ ಜೆರ್ಸಿಯನ್ನು ಯಾರು ಬುಟ್ಟಿಗೆ ಹಾಕುತ್ತಾರೆ, ಯಾರು ನೆಲಕ್ಕೆ ಎಸೆಯುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ. ಆ ಹಿರಿಯರು ಹೇಳಿದ್ದಿಷ್ಟೇ: ‘ಅವನು ಜೆರ್ಸಿ ನೇತುಹಾಕುತ್ತಿದ್ದ ಗೂಟಕ್ಕೆ ಇನ್ನೂ ಬೇರೆ ಹೆಸರು ಬರೆದಿಲ್ಲ ನಾನು.’

ಅದನ್ನೂ ಮೀಟಿಂಗ್‌ನಲ್ಲಿ ಹೇಳಿದೆ. ಎದುರಿಗಿದ್ದವರು ಪೆನ್ನಿನ ತುದಿಯಲ್ಲಿ ಏಳು ಸಾಲು ಎಣಿಸಿ, ಹಾಳೆ ತಿರುಗಿಸಿಟ್ಟು, ಬೇರೆಯವನನ್ನು ತೋರಿಸಿ ಅಂದರು. ತೋರಿಸಿದೆ. ನಾಲ್ಕು ವರ್ಷ ಒಂದೇ ಕ್ಲಬ್‌ನಲ್ಲಿದ್ದವನು. ಅದರಲ್ಲಿ ಬಹುಪಾಲು ಬೆಂಚಿನ ಮೇಲೆ ಕೂತಿದ್ದ ಅಂತ ಹೇಳಿದರೂ ಅವನೇ ಬೇಕು ಅಂದರು.

ಆ ಜನವರಿಯಲ್ಲಿ ನಮ್ಮ ಏಳು ಸಾಲಿನ ಹುಡುಗನನ್ನು ಹಳೆಯ ಕ್ಲಬ್ ವಾಪಸ್ ಕರೆಸಿಕೊಂಡಿತು. ಅವನ ಹಾಳೆಗೆ ಎಂಟನೇ ಸಾಲು ಬಿತ್ತು.